ಅಕ್ಕನನ್ನು ಬಿಟ್ಟು ಹೇಳಿದ ಸ್ತೋತ್ರ

ಮಗಳ ಹೆರಿಗೆಯಾಗಿ ಎಂಟನೆಯ ದಿನ ಅಳಿಯಂದಿರು ಮಾರ್ಕೆಟ್ಟಿನಿಂದ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ತಂದುಕೊಟ್ಟರು. ಬಾಣಂತಿಗೆ ಹಾಲು ಚೆನ್ನಾಗಿ ಬರಲಿ ಅಂತ ಬಸ್ಸಾರು ಮಾಡಲು ಹೊರಟಿದ್ದೆ. ಕಟ್ಟು ಬಿಚ್ಚಿ ನೀರಿಗೆ ಅದ್ದಿದೆನೋ ಇಲ್ಲವೋ, ಆ ವಾಸನೆ ಅಡುಗೆಮನೆ ತುಂಬಿಕೊಂಡಿತು. ನನ್ನ ಕೈ ನೀರಿನಲ್ಲೇ ನಿಂತುಬಿಟ್ಟಿತು. ಮೂವತ್ತೈದು ವರ್ಷದ ಹಿಂದೆ, ಯಲಹಂಕದ ಹತ್ತಿರದ ಕೋಗಿಲು ಅನ್ನುವ ಊರಿನ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ, ಇದೇ ವಾಸನೆಯ ಜೊತೆ ದಿನಾ ಬಂದು ನಿಲ್ಲುತ್ತಿದ್ದವರು ಒಬ್ಬರಿದ್ದರು... ಪಕ್ಕದ ಮನೆಯ ಅಕ್ಕ.

ಅವರ ವಿಷಯಕ್ಕೆ ಬರುವ ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನನ್ನ ಮಗಳ ಮಡಿಲು ತುಂಬಿದೆ. ಹೆಣ್ಣು ಮಗು. ಮೂರು ಕೆಜಿ ತೂಕ, ತಲೆ ತುಂಬ ಕೂದಲು, ಆಕಳಿಸಿದರೆ ಪುಟ್ಟ ಬೆಕ್ಕಿನ ಮರಿಯ ಹಾಗೆ. ಆಸ್ಪತ್ರೆಯಲ್ಲಿ ಸುದ್ದಿ ಹೇಳಲು ಬಂದ ನರ್ಸಮ್ಮನನ್ನು ನಾನು ಅಪ್ಪಿಕೊಂಡು ಬಿಡಲೇ ಇಲ್ಲವಂತೆ. "ಬಿಡೀ ಅಜ್ಜಿ, ಒಳಗೆ ಇನ್ನೊಬ್ರು ಕಾಯ್ತಾವ್ರೆ" ಅಂದರು ಆಕೆ. ಬೀದಿಗೆಲ್ಲ ಸಕ್ಕರೆ ಹಂಚಿದೆ, ಕಸದ ಗಾಡಿಯವರನ್ನೂ ಬಿಡಲಿಲ್ಲ. ಚರ್ಚಿನಲ್ಲಿ ಉಪಕಾರ ನೆನೆದು ಹೇಳುವ ಹಾಗೆ ಕುಳಿತರೂ ನಿಂತರೂ "ದೇವರೇ ಸ್ತೋತ್ರ" ಅನ್ನುತ್ತಿದ್ದೆ. ಅಂದಾಗಲೆಲ್ಲ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತಿತ್ತು. ಅದು ಏನೆಂದು ಸೊಪ್ಪು ತೊಳೆಯುವಾಗ ಗೊತ್ತಾಯಿತು.

ಈ ಮಗಳು ಹುಟ್ಟಿದಾಗ ಕೋಗಿಲು ಇನ್ನೂ ಹಳ್ಳಿ. ನನ್ನ ಯಜಮಾನರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವರದು ಅದೇ ಊರಿನ ಹಳೆಯ ಒಕ್ಕಲು ಮನೆತನ. ಬಾವಿಯ ಪಕ್ಕದ ಹೊಲದಲ್ಲಿ ಸೊಪ್ಪು ಬೆಳೆದು ಯಲಹಂಕಕ್ಕೆ ಹಾಕುತ್ತಿದ್ದರು. ಮುನೇಶ್ವರನಿಗೆ ನಡೆದುಕೊಳ್ಳುವವರು, ಹಣೆಯ ತುಂಬ ಕುಂಕುಮ. ನಾವು ಯೇಸುವನ್ನು ನಂಬಿದವರು. ಅದರಿಂದ ಅವರಿಗೂ ನಮಗೂ ಒಂದು ದಿನವೂ ಏನೂ ಆಗಿರಲಿಲ್ಲ.

ಹೆರಿಗೆಯಾದ ಐದನೆಯ ದಿನ ನನಗೆ ಜ್ವರ ಬಂತು. ಎಂಥ ಜ್ವರವೋ, ಹಾಲು ಪೂರ್ತಿ ಬತ್ತಿಹೋಯಿತು. ಡಬ್ಬಿ ಹಾಲಿನ ಪುಡಿ ತಂದು ಕಲಸಿ ಹಾಕಿದರೆ ಮಗು ಕಕ್ಕಿಬಿಡುತ್ತಿತ್ತು. ಎರಡೇ ದಿನಕ್ಕೆ ಒಣಗಿದ ಹೀರೆಕಾಯಿಯ ಹಾಗಾಯಿತು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಅಕ್ಕ ಹೊಲದಿಂದ ಬಂದವರು ಬಾಗಿಲಲ್ಲಿ ಸೊಪ್ಪಿನ ಕುಕ್ಕೆ ಇಳಿಸಿ ಒಳಗೆ ಇಣುಕಿ ನೋಡಿದರು. ಅವರ ಕೊನೆಯ ಮಗನಿಗೆ ಆಗ ಎಂಟು ತಿಂಗಳು.

"ಕೊಡೇ ಇಲ್ಲಿ ನನ್ ಕೂಸ್ನ, ಅಸ್ಕೊಂಡು ಒದ್ದಾಡ್ತೈತೆ" ಅಂದರು.

ನಾನು ಹಿಂದೆಮುಂದೆ ನೋಡಿದೆ. ಅವರಿಗೆ ತಿಳಿಯಿತು. "ಯಾಕೇ, ನಿಮ್ ಏಸಪ್ಪ ಬೈತಾನಾ? ಬೈದ್ರೆ ನನ್ ಎಸ್ರು ಏಳು, ನಾನ್ ಮಾತಾಡ್ಕೊಂತೀನಿ" ಅಂತ ನಕ್ಕು, ಕೈ ತೊಳೆದು ಬಂದು ಗೋಡೆಗೆ ಒರಗಿ ಕುಳಿತರು. ಮಗು ಕಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿಯತೊಡಗಿತು. ಆ ಸದ್ದು ಕೇಳಿ ನಾನು ಹಾಸಿಗೆಯಲ್ಲೇ ಅತ್ತೆ.

ಐದು ತಿಂಗಳು ಹೀಗೇ ನಡೆಯಿತು. ಒಂದು ಬದಿ ಅವರ ಮಗನಿಗೆ, ಇನ್ನೊಂದು ಬದಿ ನನ್ನ ಮಗಳಿಗೆ. "ಈ ಕಳ್ಳಿ ನನ್ ಮಗನ್ ಪಾಲ್ಗೂ ಬಾಯಾಕ್ತಾಳೆ ಕಣೇ" ಅಂತ ಬೈಯುತ್ತಲೇ ಕುಡಿಸುವರು. ನನಗೂ ಹಾಲು ತಿರುಗಿ ಬರಲಿ ಅಂತ ದಿನಕ್ಕೊಂದು ಕಟ್ಟು ಸಬ್ಬಸಿಗೆ ತಂದು ಹಾಕುವರು. ಅವರ ಸೆರಗು, ಕೈ, ಕೊನೆಗೆ ನನ್ನ ಮಗುವಿನ ಕೆನ್ನೆ ಕೂಡ ಅದೇ ವಾಸನೆ...

ನಲವತ್ತು ದಿನ ಕಳೆದ ಮೇಲೆ ತಾಯಿ ಮಗುವನ್ನು ಎತ್ತಿಕೊಂಡು ಚರ್ಚಿಗೆ ಬಂದು, ಸಭೆಯ ಮುಂದೆ ನಿಂತು ದೇವರ ಉಪಕಾರ ಹೇಳುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಸಾಕ್ಷಿ ಹೇಳುವುದು ಅನ್ನುತ್ತೇವೆ. ನಾನು ಆ ಸಭೆಗೆ ಹೊಸಬಳು. ವಾರವಾರ ಬೇರೆಯವರ ಸಾಕ್ಷಿ ಕೇಳಿ ಒಂದು ಮಾತು ಕಲಿತಿದ್ದೆ. ಡಾಕ್ಟರು ಕೈಬಿಟ್ಟರು, ನೆಂಟರು ಕೈಬಿಟ್ಟರು, ದೇವರು ಕೈಬಿಡಲಿಲ್ಲ ಅಂತ ಹೇಳಿದರೆ ಜನ ಜೋರಾಗಿ ಆಮೆನ್ ಅನ್ನುತ್ತಿದ್ದರು. ಮನುಷ್ಯರ ಸಹಾಯ ಕಡಿಮೆಯಾದಷ್ಟೂ ದೇವರ ಮಹಿಮೆ ಹೆಚ್ಚು ಅಂತ ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು.

ಅಕ್ಕನನ್ನು ಕರೆದವಳು ನಾನೇ. ಮದುವೆಗೆ ಹೋಗುವವರ ಹಾಗೆ ಹಸಿರು ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದರು, ಎಲ್ಲರೂ ಕಣ್ಣು ಮುಚ್ಚಿದಾಗ ಮುಚ್ಚಿದರು.

ನಾನು ಮುಂದೆ ನಿಂತೆ. ಅಕ್ಕನ ವಿಷಯ ಹೇಳಬೇಕು ಅಂತಲೇ ಹೋಗಿದ್ದೆ, ದೇವರಾಣೆಗೂ. ಆದರೆ ಅಷ್ಟು ಜನರ ಮುಖ ನೋಡಿದ ಕೂಡಲೇ, ಹಣೆಗೆ ಕುಂಕುಮ ಇಟ್ಟ ಹೆಂಗಸಿನ ಎದೆಹಾಲು ಅಂದರೆ ಇವರೆಲ್ಲ ಏನು ಅಂದುಕೊಳ್ಳುತ್ತಾರೋ ಅನ್ನಿಸಿತು. ನಾಲಿಗೆ ಬೇರೆಯೇ ಹೇಳಿತು. "ನನಗೆ ಹಾಲಿರಲಿಲ್ಲ. ಯಾವ ಮನುಷ್ಯರೂ ನೆರವಿಗೆ ಬರಲಿಲ್ಲ. ಅರಣ್ಯದಲ್ಲಿ ಹಸಿದ ಜನಕ್ಕೆ ತಿನ್ನಲು ಆಕಾಶದಿಂದ ಮನ್ನಾ ಸುರಿಸಿದ ದೇವರೇ ನನ್ನ ಮಗುವನ್ನು ಸಾಕಿದ."

ಆಮೆನ್ ಜೋರಾಗಿಯೇ ಬಂತು. ಅದೇ ಹೊತ್ತಿಗೆ ಮಗು ಹಸಿದು ಅಳತೊಡಗಿತು. ಹಿಂದಿನ ಬೆಂಚಿನಿಂದ ಅಕ್ಕ ತಟ್ಟನೆ ಎದ್ದರು. ಅವರ ಮೈಗೆ ಅದು ಅಭ್ಯಾಸವಾಗಿತ್ತು, ಪಾಪ. ಎರಡು ಹೆಜ್ಜೆ ಇಟ್ಟಿದ್ದರು. ಬರಬೇಡಿ ಅಂತ ನಾನು ಕಣ್ಣಲ್ಲೇ ಹೇಳಿದೆ. ಅವರು ನಿಂತರು. ನನ್ನ ಮುಖ ನೋಡಿ ಮೆಲ್ಲಗೆ ಹಿಂದಕ್ಕೆ ಹೋಗಿ ಕುಳಿತರು. ಆರಾಧನೆ ಮುಗಿಯುವ ತನಕ ಮಗು ಅಳುತ್ತಲೇ ಇತ್ತು. ನಾನು ಸಕ್ಕರೆ ನೀರಿನಲ್ಲಿ ಬೆರಳು ಅದ್ದಿ ಚೀಪಿಸುತ್ತಿದ್ದೆ.

ಇನ್ನು ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಸಾಯಂಕಾಲವೇ ಬಂದರು. "ಕೊಡಮ್ಮ ನಿಮ್ ಮಗೂನ, ಅಸ್ದಿರ್ತದೆ" ಅಂದರು. ಅಷ್ಟು ದಿನ "ಕೊಡೇ ನನ್ ಕೂಸ್ನ" ಅನ್ನುತ್ತಿದ್ದವರು, ಅವತ್ತಿನಿಂದ ಕೊನೆಯವರೆಗೂ "ನಿಮ್ ಮಗು" ಅಂದರು. ಮುಂದೆ ಮೂರೂವರೆ ತಿಂಗಳು ಕುಡಿಸಿದರು. ಬೈದುಕೊಂಡು ನಗುವುದು ಮಾತ್ರ ನಿಂತುಹೋಯಿತು.

ನಾನು ಕ್ಷಮೆ ಕೇಳಲಿಲ್ಲ. ನಾಳೆ ಕೇಳೋಣ, ಕ್ರಿಸ್‌ಮಸ್ಸಿಗೆ ಕೇಕು ಕೊಡುವಾಗ ಕೇಳೋಣ... ಹೀಗೇ ಹೋಯಿತು. ಮಗಳಿಗೂ ಹೇಳಲಿಲ್ಲ. ಹೇಳಿದರೆ ಮಗುವಿನ ಬಾಯಿಂದ ಸಭೆಗೆ ಗೊತ್ತಾಗುತ್ತದೆ ಅನ್ನುವ ಭಯ. ಅಕ್ಕನೂ ಹೇಳಲಿಲ್ಲ. ಮಗಳಿಗೆ ಅವರು ಬರೀ ಸೊಪ್ಪಿನ ಆಂಟಿ. ಅವಳಿಗೆ ಏಳು ವರ್ಷವಿದ್ದಾಗ ಅವರ ಹೊಲ ಲೇಔಟಾಗಿ, ಅವರು ಹುಣಸಮಾರನಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ಒಂದೇ ಬಸ್ಸಿನ ದಾರಿ. ನಾನು ಆ ಬಸ್ಸು ಹತ್ತಲಿಲ್ಲ. ಹೋದ ವರ್ಷ ರೇಷನ್ ಅಂಗಡಿಯಲ್ಲಿ ಹಳೆಯ ಊರಿನವರೊಬ್ಬರು ಸಿಕ್ಕಿ, ಅಕ್ಕ ತೀರಿಕೊಂಡು ಆಗಲೇ ವರ್ಷವಾಯಿತು ಅಂದರು. ಅಕ್ಕಿ ಚೀಲ ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಕಳೆದ ಭಾನುವಾರ ಮೊಮ್ಮಗಳಿಗೆ ನಲವತ್ತು ದಿನ ತುಂಬಿತು. "ಅಜ್ಜಿ ಸಾಕ್ಷಿ ಹೇಳಲಿ" ಅಂದರು ಪಾದ್ರಿಗಳು. ಕೂಸನ್ನು ಎತ್ತಿಕೊಂಡು ನಿಂತೆ, ಮಗಳು ಪಕ್ಕದಲ್ಲಿದ್ದಳು. ನಾನು ಮೂರನೇ ಕ್ಲಾಸು ಓದಿದವಳು, ಚೆಂದವಾಗಿ ಹೇಳಲು ಬರುವುದಿಲ್ಲ. ಇದೇ ಜಾಗದಲ್ಲಿ ನಿಂತು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದೆ ಅಂದೆ. ಅಕ್ಕನ ಹೆಸರು ಹೇಳಿದೆ, ಅವರ ಮನೆಯವರನ್ನು ಕೇಳದೆ ಇಲ್ಲಿ ಬರೆಯುವುದಿಲ್ಲ. ದೇವರು ಕಳಿಸಿದ ಮನ್ನಾ ಅಂದರೆ ಅವರೇ ಅಂದೆ. ಅವರು ತೀರಿಕೊಂಡರು ಅನ್ನುವ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಈ ಸಲ ಜೋರಾದ ಆಮೆನ್ ಬರಲಿಲ್ಲ. ಆಮೇಲೆ ಪಾದ್ರಿಗಳೇ ಮೆಲ್ಲಗೆ ಸ್ತೋತ್ರ ಅಂದರು.

ಹೊರಗೆ ಬರುತ್ತಿದ್ದ ಹಾಗೆ ಮಗಳು ನನ್ನ ತೋಳು ಹಿಡಿದಳು.

"ಅಮ್ಮಾ, ಸೊಪ್ಪಿನ ಆಂಟೀನಾ? ಅವ್ರ ಹಾಲಾ ನಾನ್ ಕುಡ್ದಿದ್ದು?"

"ಹೂಂ ಕಣೇ."

"ಎಂಥೋಳಮ್ಮಾ ನೀನು, ಇಷ್ಟ್ ವರ್ಷ ಹೊಟ್ಟೇಲಿಟ್ಕೊಂಡಿದ್ಯಲ್ಲ!" ಅನ್ನುತ್ತ ಫೋನ್ ತೆಗೆದಳು. ಮುಖ ಅರಳಿತ್ತು. "ಹುಣಸಮಾರನಹಳ್ಳಿ ತಾನೇ? ಆಟೋ ಬುಕ್ ಮಾಡ್ತೀನಿ. ಪಾಪೂನ ಇವತ್ತೇ ತೋರ್ಸ್ಕೊಂಡ್ ಬರೋಣ."

"ಅವ್ರಿಲ್ಲ ಕಣೇ... ಹೋಗಿ ಎರಡು ವರ್ಷ ಆಯ್ತು."

ಫೋನಿನ ಮೇಲಿದ್ದ ಅವಳ ಬೆರಳು ಹಾಗೇ ನಿಂತಿತು. ಫೋನನ್ನು ಬ್ಯಾಗಿಗೆ ಹಾಕಿದಳು. ಬೈಯಲಿಲ್ಲ, ಗದರಲಿಲ್ಲ.

"ಅದಕ್ಕೂ ಮುಂಚೆ ಮೂವತ್ಮೂರ್ ವರ್ಷ ಇತ್ತಲ್ಲಮ್ಮಾ" ಅಂದಳು.

ಇತ್ತು. ಭಾನುವಾರ ನಾನು ಹೇಳಿದ ಸಾಕ್ಷಿಯನ್ನು ದೇವರು ಕೇಳಿಸಿಕೊಂಡಿರುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಕ್ಕ ಕೇಳಿಸಿಕೊಳ್ಳಬೇಕಿತ್ತು.