ಕರೆಂಟಿನಾಗೂ ಪಾಲು

ರಾಣೆಬೆನ್ನೂರಿನ ಬೀಜದ ವ್ಯಾಪಾರಿ ರುದ್ರಮುನಿಯವರು ಸಂಜೆ ಎಲೆಕ್ಟ್ರಿಕ್ ಕಾರನ್ನು ಚಾರ್ಜಿಗೆ ಹಾಕಿದರೆಂದರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯಬೇಕು. ಕಾರಿಗೆ ಹರಿಯುವ ಕರೆಂಟಿನ ಅಂಕಿ ಮೊಬೈಲಿನಲ್ಲಿ ಇಳಿದರೆ ಸಾಕು, "ಯಾರದು ಮಿಕ್ಸಿ ಹಚ್ಚಿದವರು?" ಎಂದು ಗುಡುಗುತ್ತಾರೆ; ಹೆಂಡತಿ ಪಾಪ ಖಾರವನ್ನು ಒರಳಿನಲ್ಲೇ ರುಬ್ಬುತ್ತಾರೆ. ಒಮ್ಮೆ ದೇವರ ಮುಂದಿನ ಬಲ್ಬನ್ನೂ ಬಿಚ್ಚಿಸಿದರು. ಕೊನೆಗೆ ಬಂದ ಮೆಕ್ಯಾನಿಕ್, "ಚಾರ್ಜರ್ ಕೆಟ್ಟಿಲ್ರಿ ಯಜಮಾನ್ರ. ಮನಿ ಎರಡಾದ್ರೂ ಲೈನ್ ಒಂದ ಐತ್ರಿ. ಬಾಜೂಕ ನಿಮ್ಮ ತಮ್ಮ ಕಾರು ಹಚ್ಚಿದ ಕೂಡಲೇ ಎರಡೂ ಚಾರ್ಜರ್ ಕರೆಂಟ್ ಅರ್ಧರ್ಧ ಹಂಚಿಕೋತಾವ್ರಿ" ಎಂದ. ಮಾತು ಬಿಟ್ಟಿದ್ದ ತಮ್ಮ ಕೊಟ್ರೇಶ! "ಹೊಲದಾಗ ಪಾಲು ತಗೊಂಡಾತು, ಈಗ ಕರೆಂಟಿನಾಗೂ ಪಾಲು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಆದರೆ ಮೊನ್ನೆ ಸಂಜೆ ಅಂಕಿ ಇಳಿಯಲೇ ಇಲ್ಲ. ರುದ್ರಮುನಿಯವರಿಗೆ ರೊಟ್ಟಿ ಸೇರಲಿಲ್ಲ. ಮೊಬೈಲ್ ಹಿಡಿದು ಗೇಟಿಗೂ ಪಡಸಾಲೆಗೂ ಓಡಾಡಿದರು. "ಕರೆಂಟ್ ಯಾಕ ಕಡಿಮಿ ಆಗವಲ್ದು?" ಎಂದು ಹೆಂಡತಿಯನ್ನೇ ಗದರಿದರು. ಅಷ್ಟರಲ್ಲಿ, ಬ್ಯಾಡಗಿ ದಾರಿಯಲ್ಲಿ ಚಾರ್ಜು ಮುಗಿದು ನಿಂತ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಕೊಟ್ರೇಶ ಬಂದ. ರುದ್ರಮುನಿಯವರು ದಡಬಡನೆ ಹೋಗಿ ಸ್ವಂತ ಕಾರಿನ ಪ್ಲಗ್ಗನ್ನು ಕಿತ್ತು, "ಲಗೂ ಹಚ್ಚಲೇ, ಪೂರ್ತಿ ನೀನ ತಗೋ" ಎಂದರು.