ನವನೀತಫಲವೂ ನನ್ನ ಹೆಂಡತಿಯ ಅಂಗೈಯೂ

ಬೆಣ್ಣೆಹಣ್ಣು ಒಳಗೆ ಮಾಗಿದೆಯೋ ಇಲ್ಲವೋ ಎಂಬುದನ್ನು ಅದರ ಮುಖ ನೋಡಿ ಹೇಳುವುದು ಕಷ್ಟ. ಮಾವು ಮಾಗಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ಹಲಸು ಮಾಗಿದರೆ ಊರಿಗೇ ಗೊತ್ತಾಗುತ್ತದೆ, ಬಾಳೆ ಹಳದಿ ಅಂಗಿ ತೊಟ್ಟು ತಾನೇ ಮುಂದೆ ಬಂದು ನಿಲ್ಲುತ್ತದೆ. ಈ ಮಹಾಶಯ ಮಾತ್ರ ಕಡೆಯವರೆಗೂ ಮುಖಭಾವ ಬದಲಿಸದ ಅಧಿಕಾರಿಯಂತೆ ಹಸಿರಾಗಿಯೇ ಕೂತಿರುತ್ತಾನೆ. ಇವತ್ತು ಒತ್ತಿದರೆ ಕಲ್ಲು, ನಾಳೆ ಒತ್ತಿದರೂ ಕಲ್ಲು, ನಡುವೆ ಒಂದು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಕಪ್ಪು ಕೆಸರು. ಆದ್ದರಿಂದ ನಾನು ಈ ಹಣ್ಣುಗಳನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ದಿನಾ ಬೆಳಿಗ್ಗೆ ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುವ ಗಾಂಭೀರ್ಯದಿಂದ ಒಂದೊಂದನ್ನೇ ಹೊರತೆಗೆದು ಹೆಬ್ಬೆರಳಿನಿಂದ ಒತ್ತಿ, ‘ಇನ್ನೂ ಒಂದು ದಿನ’ ಎಂದು ತೀರ್ಪು ಕೊಟ್ಟು ಮತ್ತೆ ಹೂಳುತ್ತಿದ್ದೆ.

ನಾನು ಹುಟ್ಟಿದ್ದು ಹರದನಹಳ್ಳಿಯಲ್ಲಿ, ಚಾಮರಾಜನಗರದ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವುದು ನನ್ನ ವೃತ್ತಿ, ಕೇಳದವರಿಗೂ ಆರೋಗ್ಯ ಹೇಳಿಕೊಡುವುದು ನನ್ನ ಪ್ರವೃತ್ತಿ. ನಲವತ್ತೈದು ದಾಟಿದ ಮೇಲೆ ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಆರೋಗ್ಯದ ಹುಚ್ಚೂ ಒಂದು ಎಂದು ನನ್ನ ಹೆಂಡತಿ ಭಾಗ್ಯ ಹೇಳುತ್ತಾಳೆ. ಆಕೆ ಆಸ್ಪತ್ರೆಯಲ್ಲಿ ನರ್ಸು. ಆದರೆ ಮನೆಯೊಳಗೆ ವೈದ್ಯಾಧಿಕಾರ ನನ್ನದೇ ಆಗಿತ್ತು. ಋತುವಿಗೊಂದು ಪಥ್ಯ, ಪಥ್ಯಕ್ಕೊಂದು ಭಾಷಣ. ಬೇಸಿಗೆಯಲ್ಲಿ ರಾಗಿ ಅಂಬಲಿ, ಮಳೆಗಾಲದಲ್ಲಿ ಮೆಣಸಿನ ಸಾರು, ಚಳಿಗೆ ಎಳ್ಳು. ಒಂದು ಋತು ಮುಗಿದು ಇನ್ನೊಂದು ಕಾಲಿಡುವ ಆ ಋತುಸಂಧಿಯಲ್ಲಂತೂ ಮನೆಯಲ್ಲಿ ಯಾರು ಸೀನಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಎಲ್ಲ ಋತುಗಳಿಗೂ ಸಲ್ಲುವ, ಎಲ್ಲ ದೇಹಗಳಿಗೂ ಒಗ್ಗುವ ಸರ್ವಸಮ್ಮತ ಆಹಾರವೊಂದನ್ನು ಹುಡುಕುತ್ತಿದ್ದ ನನಗೆ ಕೈಗೆ ಸಿಕ್ಕಿದ್ದೇ ಬೆಣ್ಣೆಹಣ್ಣು. ಅಭಿಮಾನ ಉಕ್ಕಿ ಅದಕ್ಕೆ ‘ನವನೀತಫಲ’ ಎಂದು ಸಂಸ್ಕೃತದಲ್ಲಿ ನಾಮಕರಣವನ್ನೂ ಮಾಡಿದೆ. ಕೆಲವೇ ದಿನಗಳಲ್ಲಿ ವಿದ್ಯಾರ್ಥಿಗಳು ನನಗೆ ಅದೇ ಹೆಸರಿಟ್ಟಿದ್ದಾರೆಂದು ತಿಳಿಯಿತು.

ಹಣ್ಣು ಬರುತ್ತಿದ್ದುದು ಗುಂಡ್ಲುಪೇಟೆಯಿಂದ. ಭಾಗ್ಯಳ ತಮ್ಮ ಮಹದೇವು ಅಲ್ಲಿ ಹೆದ್ದಾರಿ ಬದಿಯಲ್ಲಿ ಹಣ್ಣಿನಂಗಡಿ ಇಟ್ಟಿದ್ದಾನೆ. ನನ್ನ ಅತ್ತೆ ಪುಟ್ಟತಾಯಮ್ಮ ಇರುವುದೂ ಅವನ ಮನೆಯಲ್ಲೇ, ಅಂಗಡಿಯ ಹಿಂದುಗಡೆ. ಜೋಯಿ ಎಂಬ ವಯನಾಡಿನವನು ವಾರಕ್ಕೊಮ್ಮೆ ಜೀಪಿನಲ್ಲಿ ಬಂಡೀಪುರದ ಕಾಡು ದಾಟಿ ಬಂದು ಬೆಣ್ಣೆಹಣ್ಣು ಇಳಿಸಿ, ಇಲ್ಲಿಂದ ಟೊಮೇಟೊ, ಬೀನ್ಸು ತುಂಬಿಕೊಂಡು, ರಾತ್ರಿ ಕಾಡಿನ ರಸ್ತೆಗೆ ಗೇಟು ಹಾಕುವುದಕ್ಕೆ ಮುಂಚೆ ಮತ್ತೆ ಕಾಡು ದಾಟಿಬಿಡುತ್ತಿದ್ದ. ನನ್ನನ್ನು ‘ಮಾಷೆ’ ಎಂದೂ ಭಾಗ್ಯಳನ್ನು ‘ಚೇಚಿ’ ಎಂದೂ ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಮೇಷ್ಟ್ರು ಮತ್ತು ಅಕ್ಕ.

ಭಾಗ್ಯ ಬೆಣ್ಣೆಹಣ್ಣನ್ನು ನನ್ನಷ್ಟು ಭಕ್ತಿಯಿಂದ ತಿನ್ನುತ್ತಿರಲಿಲ್ಲ. ಸಕ್ಕರೆ ಹಾಕಿ ಕಲಸಿ ಕೊಟ್ಟರೆ ಒಂದೆರಡು ಚಮಚ ತಿಂದು, ಬಾಯೆಲ್ಲ ಚುರುಚುರು ಅನ್ನುತ್ತದೆ ಎಂದು ಬಟ್ಟಲು ಬದಿಗಿಡುತ್ತಿದ್ದಳು. ಬಾಳೆಹಣ್ಣು ತಿಂದಾಗಲೂ ಹಾಗನ್ನುತ್ತಿದ್ದಳು. ನಾನು ಅದಕ್ಕೆ ಋತುಸಂಧಿಯೇ ಕಾರಣವೆಂದೂ, ದೇಹದ ಉಷ್ಣ ಹೊರಗೆ ಹೋಗುವಾಗ ನಾಲಗೆಯ ದಾರಿಯನ್ನೇ ಹಿಡಿಯುತ್ತದೆಂದೂ ವಿವರಿಸಿದೆ. ಇದನ್ನು ಯಾವ ಗ್ರಂಥದಲ್ಲಿ ಓದಿದ್ದೆನೆಂದು ಈಗ ಹುಡುಕಿದರೆ ಸಿಗುತ್ತಿಲ್ಲ. ಬಹುಶಃ ಯಾವ ಗ್ರಂಥದಲ್ಲೂ ಇಲ್ಲ. ಹಗಲೆಲ್ಲ ಆಸ್ಪತ್ರೆಯಲ್ಲಿ ದುಡಿದು ಬಂದವಳಿಗೆ ವಾದ ಮಾಡುವ ಚೈತನ್ಯ ಇರಲಿಲ್ಲವೆಂದು ಕಾಣುತ್ತದೆ, ‘ಹೂಂ’ ಎಂದು ಸುಮ್ಮನಾದಳು. ಆ ಹೂಂಕಾರವನ್ನು ನಾನು ಅಂಗೀಕಾರವೆಂದೇ ಭಾವಿಸಿದೆ.

ಆಷಾಢದ ಒಂದು ಭಾನುವಾರ ನಾವಿಬ್ಬರೂ ಗುಂಡ್ಲುಪೇಟೆಗೆ ಹೋದೆವು. ಆ ತಿಂಗಳಲ್ಲಿ ಅಲ್ಲಿನ ಗಾಳಿಗೆ ಹೆಗಲ ಮೇಲೆ ಟವಲು ನಿಲ್ಲುವುದಿಲ್ಲ. ರಸ್ತೆಯ ಇಕ್ಕೆಲದಲ್ಲಿ ಚೆಂಡು ಹೂವು, ಸೂರ್ಯಕಾಂತಿ. ಹೂವಿಗಿಂತ ಹೆಚ್ಚಾಗಿ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವವರು. ನಾವು ಹೋದಾಗ ಜೋಯಿ ಆಗಷ್ಟೇ ಹಣ್ಣು ಇಳಿಸುತ್ತಿದ್ದ. ಅಕ್ಕ ಬಂದ ಸಂತೋಷಕ್ಕೆ ಮಹದೇವು ಒಂದು ಹಣ್ಣನ್ನು ಹೋಳು ಮಾಡಿ, ಹಾಲು ಬೆಲ್ಲ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ದೊಡ್ಡ ಲೋಟದಲ್ಲಿ ಕೊಟ್ಟ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದ ಭಾಗ್ಯ ಬಾಯಾರಿಕೆಗೆ ಅದನ್ನು ಒಂದೇ ಉಸಿರಿಗೆ ಕುಡಿದಳು. ನಾನು ನವನೀತಫಲದ ಗುಣಗಾನದಲ್ಲಿ ತೊಡಗಿದ್ದೆ. ಜೋಯಿ ಸೌಜನ್ಯಕ್ಕೆ ಕೇಳುತ್ತಿದ್ದ.

ಭಾಗ್ಯ ಅಂಗೈ ಕೆರೆದುಕೊಳ್ಳುವುದು ಕಂಡಿತು. ಆಮೇಲೆ ಕುತ್ತಿಗೆ. ಸೊಳ್ಳೆಯಿರಬೇಕೆಂದು ನಾನು ಮಾತು ಮುಂದುವರಿಸಿದೆ.

“ಭಾವ, ಅಕ್ಕನ ಮೊಕ ನೋಡಿ” ಎಂದ ಮಹದೇವು.

ನೋಡಿದೆ. ನೋಡಿದ್ದು ನನ್ನ ಹೆಂಡತಿಯ ಮುಖವೆಂದು ತಿಳಿಯುವುದಕ್ಕೆ ಒಂದು ಕ್ಷಣ ಬೇಕಾಯಿತು. ತುಟಿಗಳು ಯಾರೋ ಹೊಡೆದಂತೆ ಊದಿಕೊಂಡಿದ್ದವು, ಕಣ್ಣುಗಳು ಊತದೊಳಗೆ ಮುಚ್ಚಿಹೋಗುತ್ತಿದ್ದವು, ಕೆನ್ನೆಯಿಂದ ಎದೆಯವರೆಗೆ ಕೆಂಪು ದದ್ದುಗಳು ನಾವು ನೋಡುತ್ತಿದ್ದಂತೆಯೇ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಏನೋ ಹೇಳಲು ಬಾಯಿ ತೆರೆದಳು. ಬಂದ ಧ್ವನಿ ಅವಳದಲ್ಲ, ಒಡಕಲು ಪಾತ್ರೆಯದು.

“ಉಸ್ರು ಆಯ್ತಿಲ್ಲ ಕಣ್ರೀ” ಎಂದಳು. ಕಲ್ಲುಬೆಂಚಿನಿಂದ ಜಾರಿದಳು.

ಆರೋಗ್ಯದ ಬಗ್ಗೆ ಅಷ್ಟು ವರ್ಷ ಮಾತಾಡಿದ ನನ್ನ ನಾಲಗೆ ಆಗ ಒಣಗಿದ ಹೊಂಗೆ ಎಲೆಯಂತಾಯಿತು. ನಾನು ಮಾಡಿದ್ದೆಂದರೆ ಅವಳ ಹೆಸರನ್ನು ಮತ್ತೆ ಮತ್ತೆ ಕರೆದದ್ದು. ಕೆಲಸಕ್ಕೆ ಬಂದವನು ಜೋಯಿ. ಇನ್ನೂ ಅರ್ಧದಷ್ಟು ಹಣ್ಣುಗಳು ಜೀಪಿನಲ್ಲೇ ಇದ್ದವು. ಕ್ರೇಟುಗಳನ್ನು ಎತ್ತಿ ಎತ್ತಿ ರಸ್ತೆಗೆ ಎಸೆದು ಜಾಗ ಮಾಡಿ, “ಮಾಷೆ, ಚೇಚಿನ ಎತ್ತಿ, ವಂಡಿಲಿ ಮಲಗ್ಸಿ” ಎಂದ. ಮಹದೇವು ಕಾಲು ಹಿಡಿದ, ನಾನು ತಲೆ ಹಿಡಿದೆ. ಆ ಜೀಪು ಹೇಗೆ ಹೋಯಿತು, ಎದುರಿಗೆ ಏನೇನು ಬಂತು, ನನಗೆ ನೆನಪಿಲ್ಲ. ತೊಡೆಯ ಮೇಲಿದ್ದ ತಲೆಯಿಂದ ಬರುತ್ತಿದ್ದ ಸೀಟಿಯಂಥ ಉಸಿರಿನ ಶಬ್ದ, ಪ್ರತಿಯೊಂದು ಸೀಟಿಯ ನಂತರ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾದದ್ದು, ಇಷ್ಟೇ ನೆನಪು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಗಿಲಲ್ಲೇ ಒಮ್ಮೆ ನೋಡಿದರು, ಏನು ತಿಂದರು ಎಂದು ಕೇಳಿದರು, ನಮ್ಮ ಉತ್ತರ ಮುಗಿಯುವುದರೊಳಗೆ ಸೂಜಿ ಭಾಗ್ಯಳ ತೊಡೆಯೊಳಗಿತ್ತು. ಆಮೇಲೆ ಆಮ್ಲಜನಕ, ಡ್ರಿಪ್ಪು, ಇನ್ನೊಂದು ಇಂಜೆಕ್ಷನ್ನು. ಎಷ್ಟು ಹೊತ್ತಾಯಿತೋ, ಸೀಟಿಯ ಶಬ್ದ ನಿಧಾನಕ್ಕೆ ಬರೀ ಉಸಿರಾಯಿತು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಗಂಟಲು ಪೂರ್ತಿ ಮುಚ್ಚಿಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಒಂದು ಹಣ್ಣು. ಮಕ್ಕಳಿಗೆ, ಮುದುಕರಿಗೆ, ಬಸುರಿಯರಿಗೆ ಎಂದು ಊರಿಗೆಲ್ಲ ನಾನು ಶಿಫಾರಸು ಮಾಡಿದ್ದ, ಬೆಣ್ಣೆಯಷ್ಟು ಮೆತ್ತಗಿನ ಒಂದು ಹಣ್ಣು.

ಸಂಜೆಗೆ ಊತ ಇಳಿದು ಭಾಗ್ಯಳ ಮುಖ ಮತ್ತೆ ಭಾಗ್ಯಳದಾಯಿತು. ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದರು. ನರ್ಸು ಎಂದು ತಿಳಿದ ಕೂಡಲೆ ಅವಳ ಎರಡೂ ಕೈಗಳನ್ನು ತೆಗೆದುಕೊಂಡು ಅಂಗೈ ಮೇಲೆ ಮಾಡಿ ಬೆಳಕಿಗೆ ಹಿಡಿದರು. ರಬ್ಬರ್ ಗ್ಲೌಸ್ ಹಾಕಿಕೊಂಡಾಗ ಕೈಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು.

“ಆಯ್ತದೆ ಮೇಡಂ” ಎಂದಳು ಭಾಗ್ಯ. “ಕೆಂಪಾಗಿ ನವೆ ಬತ್ತದೆ. ರಾತ್ರಿ ಕೊಬ್ರಿ ಎಣ್ಣೆ ಹಚ್ಕಂಡು ಮಲಿಕತೀನಿ. ಎಲ್ಲಾರ್ಗೂ ಆಯ್ತದಲ್ವ ಅದು?”

ಡಾಕ್ಟರು ತಲೆಯಾಡಿಸಿದರು. “ಇಲ್ಲ ಸಿಸ್ಟರ್. ಎಲ್ಲರಿಗೂ ಆಗಲ್ಲ.”

ಭಾಗ್ಯ ಆ ಮಾತಿಗೆ ಬೆಚ್ಚಿದ್ದನ್ನು ನಾನು ನೋಡಿದೆ. ಮಧ್ಯಾಹ್ನ ಉಸಿರು ಕಟ್ಟಿದಾಗ ಅವಳ ಮುಖದಲ್ಲಿ ಕಾಣದಿದ್ದ ದಿಗ್ಭ್ರಮೆ ಈಗ ಕಂಡಿತು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಗ್ಲೌಸ್ ಮಾಡುವ ರಬ್ಬರ್ ಮರದ ಹಾಲಿನಲ್ಲಿರುವ ಕೆಲವು ಅಂಶಗಳಿಗೂ ಬೆಣ್ಣೆಹಣ್ಣು, ಬಾಳೆಹಣ್ಣುಗಳಲ್ಲಿರುವ ಕೆಲವು ಅಂಶಗಳಿಗೂ ಹೋಲಿಕೆಯಿದೆಯಂತೆ. ಒಂದನ್ನು ಶತ್ರುವೆಂದು ತಿಳಿದ ದೇಹ ಇನ್ನೊಂದನ್ನೂ ಅದರ ದಾಯಾದಿಯೆಂದು ಗುರುತು ಹಿಡಿದು ಕತ್ತಿ ಹಿರಿಯುತ್ತದಂತೆ. ಎಲ್ಲರ ದೇಹವೂ ಹಾಗಲ್ಲ, ಇವಳದು ಹಾಗೆ. ಗ್ಲೌಸಿನೊಳಗಿನ ನವೆ, ಹಣ್ಣು ತಿಂದಾಗಿನ ಚುರುಚುರು, ಒಮ್ಮೆ ಮಹದೇವುವಿನ ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದಿ ತುಟಿ ದಪ್ಪಗಾದದ್ದು, ಎಲ್ಲವೂ ಒಂದೇ ಮಾತನ್ನು ಬೇರೆ ಬೇರೆ ಬಾಯಿಂದ ಹೇಳುತ್ತಿದ್ದವು. ಕೇಳಿಸಿಕೊಳ್ಳುವವರು ಇರಲಿಲ್ಲ.

ಹೊರಗೆ ಬಂದರೆ ಜೋಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಗೇಟಿನ ಸಮಯ ಮೀರುತ್ತಿತ್ತು. ಹೊರಡು ಎಂದರೆ ಏಳಲಿಲ್ಲ. “ನಾನ್ ತಂದ ಹಣ್ಣಲ್ಲವಾ ಮಾಷೆ” ಎಂದ. ಹಣ್ಣಿನ ತಪ್ಪಲ್ಲ, ತಂದವನ ತಪ್ಪೂ ಅಲ್ಲ ಎಂದು ನಾನು ಹೇಳಿದ್ದು ಅವನಿಗೆ ತಾಗಿದಂತೆ ಕಾಣಲಿಲ್ಲ. ಕಡೆಗೆ ಒಳಗೆ ಕರೆದುಕೊಂಡು ಹೋದೆ. ಭಾಗ್ಯ ಅವನನ್ನು ನೋಡಿ, ರಸ್ತೆಗೆ ಎಸೆದ ಹಣ್ಣೆಲ್ಲ ಏನಾಯಿತು ಎಂದು ಕೇಳಿದಳು. ಲಾರಿಯೊಂದು ಅರೆದುಕೊಂಡು ಹೋಯಿತು ಎಂದ. ಅವಳು ನಕ್ಕಳು. ಅವನು ಅಳುವುದಕ್ಕೆ ಶುರುಮಾಡಿದ. ಮಾರನೆಯ ಬೆಳಿಗ್ಗೆ ಗೇಟು ತೆಗೆದ ಮೇಲೆಯೇ ಊರಿಗೆ ಹೋದ.

ಇದಾದ ಮೇಲೆ ನಮ್ಮ ಮನೆಯಲ್ಲಿ ಬೆಣ್ಣೆಹಣ್ಣೂ ಇಲ್ಲ, ಬಾಳೆಹಣ್ಣೂ ಇಲ್ಲ, ಉಪನ್ಯಾಸಗಳೂ ಬಹುಮಟ್ಟಿಗೆ ಇಲ್ಲ. ಭಾಗ್ಯಳ ಕೈಚೀಲದಲ್ಲಿ ಒಂದು ಸಣ್ಣ ಇಂಜೆಕ್ಷನ್ ಇರುತ್ತದೆ, ಅದನ್ನು ಚುಚ್ಚುವುದು ಹೇಗೆಂದು ನನಗೂ ಕಲಿಸಿದ್ದಾಳೆ. ಆಸ್ಪತ್ರೆಯಲ್ಲಿ ಹೇಳಿಕೊಂಡ ಮೇಲೆ ರಬ್ಬರಿಲ್ಲದ ಗ್ಲೌಸ್ ತರಿಸಿಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಕೆಂಪಿರಲಿಲ್ಲ. ಕೆಲಸ ಮಾಡಿ ಬಂದ ಕೈ ಹೀಗೂ ಇರುತ್ತದೆ ಎಂದು ಗೊತ್ತೇ ಇರಲಿಲ್ಲ ಎಂದಳು. ಮದುವೆಯಾಗಿ ಅಷ್ಟು ವರ್ಷವಾದರೂ ಆ ಕೈಗಳನ್ನು ಬೆಳಕಿಗೆ ಹಿಡಿದು ನೋಡಿದವರಲ್ಲಿ ಮೊದಲಿಗರು ಗುಂಡ್ಲುಪೇಟೆಯ ಡಾಕ್ಟರು ಎಂಬುದು ನನಗೆ ಆಗ ತಟ್ಟಿತು. ವಾರ ಕಳೆಯುವುದರೊಳಗೆ ಅವಳ ಜೊತೆ ಕೆಲಸ ಮಾಡುವ ಇನ್ನೊಬ್ಬಾಕೆ ಬಂದು, ನನಗೂ ಹಾಗೇ ಆಗುತ್ತದೆ, ಯಾರಿಗೂ ಹೇಳಿರಲಿಲ್ಲ ಎಂದು ಪಿಸುಗುಟ್ಟಿದಳಂತೆ.

ಓದುಗ ಮಿತ್ರರೇ, ನಾನು ಆಮೇಲೆ ಯೋಚಿಸುತ್ತ ಕೂತದ್ದು ಹಣ್ಣಿನ ಬಗ್ಗೆಯಲ್ಲ, ‘ಎಲ್ಲಾರ್ಗೂ ಆಯ್ತದಲ್ವ’ ಎಂಬ ಆ ಒಂದು ಮಾತಿನ ಬಗ್ಗೆ. ಬಹಳ ದಿನದಿಂದ ಜೊತೆಗಿರುವ ನೋವನ್ನು ನಾವು ನೋವೆಂದು ಕರೆಯುವುದನ್ನೇ ಬಿಟ್ಟುಬಿಡುತ್ತೇವೆ. ಮಳೆ ಬಂದರೆ ಎಲ್ಲರ ಅಂಗಳವೂ ನೆನೆಯುವಂತೆ ಇದೂ ಲೋಕಕ್ಕೆಲ್ಲ ಇರುವುದೇ ಎಂದುಕೊಂಡು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತೇವೆ. ಆಕಾಶದ ಋತುಗಳನ್ನು ಅಷ್ಟು ಮುತುವರ್ಜಿಯಿಂದ ಕಾಯುತ್ತಿದ್ದ ನನಗೆ, ಒಂದೇ ಮನೆಯಲ್ಲಿ, ಒಂದೇ ಮಳೆಗಾಲದಲ್ಲಿ, ಇನ್ನೊಂದು ದೇಹಕ್ಕೆ ಬೇರೆಯೇ ಹವಾಮಾನವಿರಬಹುದೆಂದು ಹೊಳೆದಿರಲಿಲ್ಲ.

ಭಾಗ್ಯ ನನ್ನಂತೆ ಯೋಚಿಸುತ್ತ ಕೂರುವವಳಲ್ಲ. ಮೊನ್ನೆ ಭಾನುವಾರ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ತಾಯಿಗೆ ಫೋನು ಮಾಡಿದಳು. ಊರಿನ ಸಮಾಚಾರ ಎಲ್ಲ ಮುಗಿಯಿತು. ಇಡುತ್ತಾಳೆ ಅಂದುಕೊಂಡೆ, ಇಡಲಿಲ್ಲ.

“ಅವ್ವ, ಒಂದು ಮಾತು ಕೇಳ್ತೀನಿ, ನಗಬೇಡ ಕಣೆ” ಎಂದಳು. “ಎಲ್ಲಾರ್ಗೂ ಆಯ್ತದೆ ಅಂತ ನೀನು ಯಾರ್ಗೂ ಹೇಳ್ದೆ ಮಡಿಕಂಡಿರೋದು ಏನಾರ ಇದ್ದದಾ?”

ನನಗೂ ಕೇಳಲೆಂದು ಭಾಗ್ಯ ಫೋನನ್ನು ಕಿವಿಯಿಂದ ತೆಗೆದು ಸ್ಪೀಕರಿಗೆ ಹಾಕಿದಳು. ಆಗ ನನ್ನ ಅತ್ತೆಯ ಧ್ವನಿ, ತುಂಬ ಸಣ್ಣದಾಗಿ, ನಾಚಿಕೊಂಡಂತೆ ಬಂತು.

“ಎಡಗಣ್ಣಲ್ಲಿ ಮಂಜು ಕವ್ಕಂಡದೆ ಕಣಮ್ಮಿ. ಬ್ಯಾಸ್ಗೆ ಬಂದ್ರೆ ಓಯ್ತದೆ ಅಂತಿದ್ದೆ. ಎಷ್ಟೊಂದು ಬ್ಯಾಸ್ಗೆ ಬಂದೋದೊ, ಅದು ಓಗ್ನೇ ಇಲ್ಲ.”

ಭಾಗ್ಯ ಅವರೆಕಾಯಿಯ ಮೊರವನ್ನು ಬದಿಗೆ ಸರಿಸಿ ಎದ್ದು ನಿಂತಳು. ನಾನು ಆಗಲೇ ಗುಂಡ್ಲುಪೇಟೆಯ ಬಸ್ಸಿಗೆ ಹೊರಡಲು ಅಂಗಿ ಹುಡುಕುತ್ತಿದ್ದೆ.