ತಿಯೊಪಿಸ್ತಾ ಇಟ್ಟ ಹೆಸರು

ಮಸಾಕಾ ಊರಿನ ಶಿಶುಮನೆಯಲ್ಲಿ ತಿಯೊಪಿಸ್ತಾಳ ಮಾತಿಗೆ ಎದುರಾಡುವವರು ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ಹೊರಗೆ ಹಾಕಿದಾಗ ಇಲ್ಲಿಗೆ ಆಯಾ ಆಗಿ ಬಂದವಳು, ಇಲ್ಲೇ ತಲೆ ನರೆಸಿಕೊಂಡಳು. ಬಸ್ ನಿಲ್ದಾಣದಲ್ಲೋ ಬಾಳೆತೋಟದಲ್ಲೋ ಯಾರೋ ಬಿಟ್ಟುಹೋದ ಕೂಸುಗಳನ್ನು ಪೊಲೀಸರು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ಬಾಯಿ ಜೋರು, ಕೈ ಮೆತ್ತಗೆ. ಬೈಯುತ್ತ ಬೈಯುತ್ತಲೇ ಹಾಲು ಕುಡಿಸಿ ಮಲಗಿಸುವ ಹೆಂಗಸು.

ಸಿಕ್ಕ ಮಕ್ಕಳಿಗೆ ಹೆಸರಿಡುವ ಕೆಲಸವೂ ಅವಳದೇ. ಅದಕ್ಕೊಂದು ಕಟ್ಟಳೆ ಇತ್ತು. ಗ್ರೇಸ್, ಜಾಯ್, ಮಿರೆಂಬೆ, ಹೀಗೆ ಯಾರ ಸ್ವತ್ತೂ ಅಲ್ಲದ ಹೆಸರನ್ನೇ ಇಡಬೇಕು. ಆ ಸೀಮೆಯ ಗಾಂಡಾ ಜನರಲ್ಲಿ ಒಂದೊಂದು ಕುಲಕ್ಕೂ ಅದರದ್ದೇ ಹೆಸರುಗಳು. ಹೆಸರು ಕೇಳಿದರೆ ಸಾಕು, ಮಗು ಯಾವ ಕುಲದ್ದು, ಏನನ್ನು ತಿನ್ನಬಾರದು ಎಂದೆಲ್ಲ ತಿಳಿದುಹೋಗುತ್ತದೆ. ಕುಲ ಬರುವುದು ತಂದೆಯಿಂದ. ತಂದೆ ಯಾರೆಂದು ತಿಳಿಯದ ಮಗುವಿಗೆ ಕುಲದ ಹೆಸರಿಡುವುದೆಂದರೆ ಕಂಡವರ ಮನೆ ಬಾಗಿಲಿಗೆ ನಮ್ಮ ಬೀಗ ಜಡಿದಂತೆ.

ಇದೆಲ್ಲ ಗೊತ್ತಿದ್ದೂ ತಿಯೊಪಿಸ್ತಾ ಒಂದು ಸಲ ತಪ್ಪಿದಳು. ಊರಿಗೆ ಊರೇ ಮಿಡತೆ ಹುರಿದು ತಿನ್ನುವ ನವೆಂಬರಿನಲ್ಲಿ ಒಂದು ಹೆಣ್ಣುಕೂಸು ಬಂತು. ತಿಯೊಪಿಸ್ತಾ ಮಿಡತೆ ಕುಲದವಳು, ಆ ಕುಲದವರು ಮಿಡತೆ ಮುಟ್ಟುವುದಿಲ್ಲ. ಅಡುಗೆಮನೆಯ ಸಂಭ್ರಮ ಬಿಟ್ಟು ಕೂಸಿನೊಡನೆ ಒಬ್ಬಳೇ ಕೂತವಳು ಅದರ ಹಣೆ ನೋಡಿ, "ನಕಲೇಮಾ" ಎಂದಳು. ಅದು ಅವಳ ಅಪ್ಪನ ತಂಗಿಯ ಹೆಸರು, ಮಿಡತೆ ಕುಲದ್ದು.

ಮಗು ಮಾತು ಕಲಿತು ಅವಳನ್ನು ಸೆಂಗಾ ಎಂದು ಕರೆಯತೊಡಗಿತು. ಸೆಂಗಾ ಎಂದರೆ ಅಪ್ಪನ ಅಕ್ಕತಂಗಿ, ಹೆಣ್ಣುಮಗಳನ್ನು ತಿದ್ದಿ ತೀಡಿ ಬೆಳೆಸುವ ಹಕ್ಕುಳ್ಳವಳು. ತಿಯೊಪಿಸ್ತಾ ಅದನ್ನು ತಿದ್ದಲಿಲ್ಲ. ಕರೆಸಿಕೊಂಡಷ್ಟು ಸಲವೂ ಅವಳಿಗೆ ಹಿತವಾಗುತ್ತಿತ್ತು.

ಶಿಶುಮನೆಯಲ್ಲಿ ಆರು ವರ್ಷದವರೆಗೆ ಮಾತ್ರ ಜಾಗ. ಆಮೇಲೆ ಮಕ್ಕಳನ್ನು ದೂರದ ದೊಡ್ಡ ಹಾಸ್ಟೆಲಿಗೆ ಸಾಗಹಾಕುತ್ತಿದ್ದರು. ಅಲ್ಲಿ ಯಾರು ಉಂಡರು ಯಾರು ಬಿಟ್ಟರು ಎಂದು ನೋಡುವವರಿಲ್ಲ. ದತ್ತು ಕೇಳಿ ಬರುವ ಪರದೇಶದವರಿಗೆಲ್ಲ ಎಳೆಗೂಸೇ ಬೇಕು. ನಕಲೇಮಾಳಿಗೆ ಐದು ದಾಟಿದ ಮೇಲೆ ಅಮೆರಿಕದಿಂದ ಡೇಲ್ ಮತ್ತು ರೋಂಡಾ ಎಂಬ ದಂಪತಿ ಬಂದು ಅವಳನ್ನೇ ಕೇಳಿದರು. ರೋಂಡಾ ಅವಳ ತಲೆ ಹೆಣೆಯಲು ಹೋಗಿ ಗಂಟು ಹಾಕಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಿದ್ದನ್ನು ನೋಡಿಯೇ ತಿಯೊಪಿಸ್ತಾ, ಹೋಗುವುದಾದರೆ ಇವರ ಜೊತೆ ಹೋಗಲಿ ಎಂದುಕೊಂಡಳು.

ಮಗುವಿನ ಪಾಲಕತ್ವಕ್ಕೆ ಅರ್ಜಿ ಬಿತ್ತು. ಸಂಬಂಧಿಕರಿದ್ದರೆ ಬನ್ನಿ ಎಂದು ರೇಡಿಯೊದಲ್ಲಿ ಕೂಗಿದರು, ಯಾರೂ ಬರಲಿಲ್ಲ. ದಂಪತಿಯ ವಕೀಲ ಬ್ಯಾಮುಗಿಶಾ ದೇಶದ ಪಶ್ಚಿಮ ಸೀಮೆಯವನು. ಗಾಂಡಾ ಜನರ ಹೆಸರಿನ ಒಳಗುಟ್ಟು ಅವನಿಗೆ ತಿಳಿಯದು. ರಾಜಧಾನಿ ಕಂಪಾಲಾದ ಕೋರ್ಟಿನಲ್ಲಿ ಕೂತಿದ್ದ ನ್ಯಾಯಾಧೀಶೆಯಾದರೋ ಗಾಂಡಾ ಹೆಂಗಸು.

"ನಿನ್ನ ಕುಲ ಯಾವುದಮ್ಮ?" ಎಂದು ಆಕೆ ಅರ್ಜಿಯಲ್ಲಿದ್ದ ಹೆಸರು ಓದಿ ಹುಡುಗಿಯನ್ನು ಕೇಳಿದರು.

"ಮಿಡತೆ ಕುಲ. ನಾನು ಮಿಡತೆ ತಿನ್ನಲ್ಲ."

"ಯಾರು ಹೇಳಿದ್ದು?"

"ನಮ್ಮ ಸೆಂಗಾ. ಅಲ್ಲಿ ಕೂತಿದಾಳಲ್ಲ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ವಕೀಲರೇ, ಕುಲ ಇದೆ, ಸೋದರತ್ತೆ ಇದಾಳೆ. ಅಪ್ಪನ್ನ ಒಬ್ಬನ್ನ ಎಲ್ಲಿ ಬಚ್ಚಿಟ್ಟಿದೀರಿ?"

ತಿಯೊಪಿಸ್ತಾಳಿಗಿದ್ದವನು ಒಬ್ಬನೇ ತಮ್ಮ, ಸೈಕಲ್ ರಿಪೇರಿಯ ಕಲಿಬ್ಬಾಲಾ. ಮುಂದಿನ ವಿಚಾರಣೆಗೆ ಅವನನ್ನು ಕರೆಸಿದರು. ಹೆಂಡತಿಯೂ ಬೆನ್ನಿಗೆ ಬಂದಳು.

"ನಂಗೇ ಗೊತ್ತಿಲ್ದೆ ನಿಮಗೊಂದು ಮಗಳಾ? ಶಾಭಾಸ್," ಎಂದು ಅವಳು ಕೋರ್ಟಿನ ಜಗಲಿಯಲ್ಲೇ ಗಂಡನ ಮಾನ ಹರಾಜಿಗಿಟ್ಟಳು.

"ಅಕ್ಕಾ, ಹೆಸರಿಗೇನು ಬರ ಬಂದಿತ್ತಾ? ನನ್ನ ಸಂಸಾರಕ್ಕೇ ಯಾಕೆ ಬೆಂಕಿ ಇಟ್ಟೆ?" ಎಂದ ಕಲಿಬ್ಬಾಲಾ. ಒಳಗೆ ಹೋಗಿ ಬೈಬಲ್ ಮುಟ್ಟಿ, ಈ ಮಗು ತನ್ನದಲ್ಲ ಎಂದು ಆಣೆ ಮಾಡಿದ.

ನ್ಯಾಯಾಧೀಶೆಗೆ ನಂಬಿಕೆ ಬರಲಿಲ್ಲ. ತಿಯೊಪಿಸ್ತಾಳ ಕಡೆ ತಿರುಗಿದರು. "ನೀನು ನಿಜವಾಗ್ಲೂ ಸೆಂಗಾ ಆಗಿದ್ರೆ ಈ ಮಗೂನ ನಾನು ದೇಶ ದಾಟಿಸಲ್ಲ. ನಿನ್ನ ಜೊತೇಲೇ ಕಳಿಸ್ತೀನಿ. ಯೋಚನೆ ಮಾಡಿ ಹೇಳು."

ಹೌದು ಎಂದರೆ ಮುಗಿಯಿತು, ಹುಡುಗಿ ಅವಳದಾಗುತ್ತಾಳೆ. ಬೇಕು ಅನ್ನಿಸಿತು. ಸುಳ್ಳೇಕೆ, ಎಲ್ಲಕ್ಕಿಂತ ಹೆಚ್ಚಾಗಿ ಬೇಕು ಅನ್ನಿಸಿತು. ಆದರೆ ಹೌದು ಎಂದರೆ ತಮ್ಮ ಕಲಿಬ್ಬಾಲಾ ಮಗು ಎಸೆದವನಾಗಿ ಜೈಲು ಸೇರುತ್ತಾನೆ. ಅವಳಿಗೋ ಶಿಶುಮನೆಯ ಮೂಲೆಯ ಮಂಚ ಬಿಟ್ಟರೆ ಗತಿಯಿಲ್ಲ, ಅದೂ ಕೈಕಾಲು ಆಡುವವರೆಗೆ. ಅವಳು ಕಣ್ಣು ಮುಚ್ಚಿದ ಮೇಲೆ ಹುಡುಗಿಯನ್ನು ಕೇಳುವವರು ಯಾರು?

"ಮಗೂನ ಸ್ವಲ್ಪ ಆಚೆ ಕಳಿಸಿ ತಾಯಿ," ಎಂದಳು.

"ಇದು ಅವಳ ವಿಷಯ. ಅವಳೂ ಕೇಳ್ಲಿ."

ತಿಯೊಪಿಸ್ತಾ ಸೆಟೆದು ನಿಂತಳು. "ಅವಳು ನಂಗೆ ಏನೂ ಆಗ್ಬೇಕಿಲ್ಲ. ಕುಲಾನೂ ನಾನೇ ಕಟ್ಟಿದ ಸುಳ್ಳು. ನಾನು ಸಂಬಳಕ್ಕಿರೋ ಆಯಾ, ಅಷ್ಟೇ."

"ಹೆಸರು ಅಂದ್ರೆ ಬಾಳೆಹಣ್ಣು ಹಂಚಿದ ಹಾಗಲ್ಲ," ಎಂದು ನ್ಯಾಯಾಧೀಶೆ ಗದರಿಸಿದರು. ಆದರೂ ಅವಳ ಮುಖವನ್ನು ಬಹಳ ಹೊತ್ತು ನೋಡಿದವರು ನಂಬಿದರು, ಡೇಲ್ ಮತ್ತು ರೋಂಡಾರ ಪರವಾಗಿ ಆದೇಶ ಬರೆದರು.

ಜಗಲಿಯಲ್ಲಿ ಹುಡುಗಿ ರೋಂಡಾಳ ಬೆರಳು ಹಿಡಿದು ನಿಂತಿತ್ತು. ತಿಯೊಪಿಸ್ತಾ ತೋಳು ಚಾಚಿದಳು. ಹುಡುಗಿ ಬೆರಳು ಬಿಟ್ಟು ಬಂತು, ತೋಳಿಗೆ ಬರಲಿಲ್ಲ. ಹೊರಗಿನ ಹಿರಿಯರಿಗೆ ಹೇಗೋ ಹಾಗೆ ಮಂಡಿಯೂರಿ, ಕಣ್ಣು ತಗ್ಗಿಸಿ, "ಹೋಗಿ ಬರ್ತೀನಿ, ಅಮ್ಮಾವ್ರೇ," ಎಂದಿತು.

ರೋಂಡಾಳಿಗೆ ಖುಷಿಯೋ ಖುಷಿ. ಏನೆಂದಳು ಎಂದು ವಕೀಲನನ್ನು ಕೇಳಿದಳು. ಮಗುವನ್ನು ಬಹಳ ಚೆನ್ನಾಗಿ ಬೆಳೆಸಿದ್ದಾರೆ ಎಂದ ಅವನು.

"ಹೋಗಿ ಬಾರಮ್ಮ," ಎಂದಳು ತಿಯೊಪಿಸ್ತಾ, ಬೇರೆಯವರ ಮಕ್ಕಳಿಗೆ ಹೇಳುವ ದನಿಯಲ್ಲಿ.